ಯಾವ ಎಲೆಯೂ ಫೇಲಾಗದ ಪರೀಕ್ಷೆ

ಕನ್ನಡನಾಡಿನ ಮಕ್ಕಳು ಗಣಿತದಲ್ಲಿ ಫೇಲಾಗುತ್ತಾರೆ, ಇಂಗ್ಲಿಷಿನಲ್ಲಿ ಫೇಲಾಗುತ್ತಾರೆ, ಕನ್ನಡದಲ್ಲೇ ಫೇಲಾಗುವ ಪ್ರತಿಭಾವಂತರೂ ಉಂಟು. ಆದರೆ ನಮ್ಮ ಕಾಲೇಜುಗಳ ಪ್ರಯೋಗಾಲಯಕ್ಕೆ ಹೋದ ಔಷಧೀಯ ಗಿಡವೊಂದು ವೈರಸ್ ಪರೀಕ್ಷೆಯಲ್ಲಿ ಫೇಲಾಗಿ, ತಲೆ ತಗ್ಗಿಸಿಕೊಂಡು ಹಿತ್ತಿಲಿಗೆ ಮರಳಿದ್ದನ್ನು ನಾನಂತೂ ಕೇಳಿಲ್ಲ. ತುಳಸಿ ಪಾಸು. ಬೇವು ಪಾಸು. ಲಕ್ಕಿ, ಆಡುಸೋಗೆ, ಅಮೃತಬಳ್ಳಿ, ನೆಲಬೇವು, ದೊಡ್ಡಪತ್ರೆ ಸಾಲಾಗಿ ಪಾಸು, ಅದೂ ಡಿಸ್ಟಿಂಕ್ಷನ್ನಿನಲ್ಲಿ. ರಸ್ತೆ ಬದಿಯ ಕಾಂಗ್ರೆಸ್ ಗಿಡವನ್ನು ಯಾರಾದರೂ ಹಾಜರುಪಡಿಸಿದರೆ ಅದೂ ಪಾಸಾದೀತು ಎಂಬ ಭರವಸೆ ನನಗಿದೆ. ಮಕ್ಕಳಿಗೆ ಗ್ರೇಸ್ ಅಂಕ ಕೊಟ್ಟರೆ ಪತ್ರಿಕೆಗಳು ಸಿಟ್ಟಿನ ಸಂಪಾದಕೀಯ ಬರೆಯುತ್ತವೆ. ಎಲೆಗಳಿಗೆ ಕೊಟ್ಟರೆ ಮುಖಪುಟದಲ್ಲಿ ‘ರಾಮಬಾಣ’ ಎಂದು ಅಚ್ಚು ಹಾಕುತ್ತವೆ.

ಇಂಥ ಪ್ರಬಂಧಗಳನ್ನು ಓದುವ ಕೆಟ್ಟ ಚಟ ನನಗಿದೆ. ಓದುವುದೇನೂ ಕಷ್ಟವಲ್ಲ, ಮೊದಲ ವಾಕ್ಯ, ಕೊನೆಯ ವಾಕ್ಯ ನೋಡಿದರೆ ಸಾಕು. ಮೊದಲ ವಾಕ್ಯ: ಅನಾದಿ ಕಾಲದಿಂದಲೂ ಭಾರತದಲ್ಲಿ ಗಿಡಮೂಲಿಕೆಗಳನ್ನು ಔಷಧವಾಗಿ ಬಳಸಲಾಗುತ್ತಿದೆ. ಕೊನೆಯ ವಾಕ್ಯ: ಈ ನಿಟ್ಟಿನಲ್ಲಿ ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ. ಆ ಹೆಚ್ಚಿನ ಸಂಶೋಧನೆಯನ್ನು ಮಾಡುವವರು ಯಾರು ಎಂಬುದು ಮಾತ್ರ ದೇವರಹಸ್ಯ. ಬರೆದವರು ಮಾಡುವುದಿಲ್ಲ, ಅವರಿಗೆ ಅಷ್ಟರಲ್ಲಿ ಪಿಎಚ್‌.ಡಿ. ಬಂದಿರುತ್ತದೆ. ಓದಿದವರೂ ಮಾಡುವುದಿಲ್ಲ, ಅವರ ಕೈಯಲ್ಲಿ ಅವರದೇ ಎಲೆ ಇರುತ್ತದೆ.

ಪರೀಕ್ಷೆ ನಡೆಯುವ ಬಗೆ ಹೀಗೆ. ಎಲೆಯನ್ನು ನೆರಳಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ ಪುಡಿ ಮಾಡಿ, ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದೊಳಗಿಟ್ಟು ಮೆಥನಾಲಿನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಕಳ್ಳಬಟ್ಟಿ ದುರಂತಗಳಲ್ಲಿ ಜನರ ಕಣ್ಣನ್ನೂ ಜೀವವನ್ನೂ ತೆಗೆಯುವುದು ಇದೇ ಮೆಥನಾಲ್. ಅದು ಸಾಲದಿದ್ದರೆ ಹೆಕ್ಸೇನ್, ಕ್ಲೋರೋಫಾರ್ಮ್ ಇವೆ. ದ್ರಾವಕವನ್ನು ಆವಿಯಾಗಿಸಿದ ಮೇಲೆ ತಳದಲ್ಲಿ ಉಳಿಯುವ ಕಡುಹಸಿರು ಅಂಟನ್ನು ಡಿಎಂಎಸ್‌ಒ ಎಂಬ ಇನ್ನೊಂದು ದ್ರವದಲ್ಲಿ ಕರಗಿಸುತ್ತಾರೆ. ನಮ್ಮ ಪಂಡಿತರು ಕಷಾಯ ಮಾಡುತ್ತಿದ್ದದ್ದು ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು ಹಾಕಿ, ಕುದಿಸಿ ಬತ್ತಿಸಿ. ಯಾರ ಅಜ್ಜಿಯೂ ತುಳಸಿಯನ್ನು ಹೆಕ್ಸೇನಿನಲ್ಲಿ ಕುದಿಸಿದ ದಾಖಲೆಯಿಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದರಲ್ಲಿ ತಪ್ಪೇನಿಲ್ಲ, ಎಲೆಯೊಳಗೆ ಇರುವುದನ್ನೆಲ್ಲ ಹೊರಗೆಳೆಯಲು ಬಗೆಬಗೆಯ ದ್ರಾವಕ ಬೇಕೇ ಬೇಕು. ಆದರೆ ಪ್ರಬಂಧದ ಶೀರ್ಷಿಕೆಯಲ್ಲಿ ‘ಪಾರಂಪರಿಕ ಜ್ಞಾನದ ವೈಜ್ಞಾನಿಕ ದೃಢೀಕರಣ’ ಎಂದಿರುತ್ತದಲ್ಲ, ಅಲ್ಲಿಗೆ ಪಾಪದ ಆ ಅಜ್ಜಿಯನ್ನು ಯಾಕೆ ಎಳೆದು ತರಬೇಕು?

ಈ ಹಸಿರು ಅಂಟು ರೋಗಿಯ ಬಾಯಿಗೆ ಬೀಳುವುದಿಲ್ಲ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಮಂಗವೊಂದರ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳ ವಂಶ ಇವತ್ತಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇದೆ. ವೀರೋ ಕೋಶಗಳು ಎಂದು ಅವಕ್ಕೆ ಹೆಸರು. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಅವನ್ನು ಬೆಳೆಸಿ, ವೈರಸ್ ಬಿಟ್ಟು, ಮೇಲಿಂದ ಎಲೆಯ ಸಾರ ಹಾಕುತ್ತಾರೆ. ವೈರಸ್ ಹೆಚ್ಚದಿದ್ದರೆ ಎಲೆ ಪಾಸು. ಎಂದರೆ ಇದುವರೆಗೆ ದೃಢಪಟ್ಟದ್ದಿಷ್ಟು: 1962ರಲ್ಲಿ ಸತ್ತ ಮಂಗವೊಂದು ತನ್ನ ಮೂತ್ರಪಿಂಡವನ್ನು ಹೊರಗೆ ತೆಗೆಸಿ, ತಟ್ಟೆಯಲ್ಲಿ ಹರಡಿಸಿಕೊಂಡು, ಅದರ ಮೇಲೆ ಅಮೃತಬಳ್ಳಿಯ ಸಾರ ಸುರಿಸಿಕೊಂಡರೆ ಅದಕ್ಕೆ ಒಳ್ಳೆಯದಾಗಬಹುದು.

ಇಲ್ಲೂ ಒಂದು ಸೂಕ್ಷ್ಮವಿದೆ. ವೈರಸ್‌ಗೆ ಸ್ವಂತ ಸಂಸಾರವಿಲ್ಲ, ಜೀವಕೋಶದೊಳಗೆ ಹೊಕ್ಕೇ ಅದು ಮರಿ ಹಾಕಬೇಕು. ಸಾರ ಹಾಕಿದ್ದಕ್ಕೆ ಕೋಶವೇ ಸತ್ತರೆ ವೈರಸ್ ಹೆಚ್ಚುವ ಮಾತೇ ಇಲ್ಲ. ಹೀಗೆ ನೋಡಿದರೆ ಫಿನಾಯಿಲ್ ಕೂಡ ಉತ್ತಮ ವೈರಾಣುನಾಶಕ ಔಷಧ. ಆದ್ದರಿಂದಲೇ ಎರಡು ಅಳತೆ ಕೇಳುತ್ತಾರೆ: ವೈರಸ್ಸನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾರ ಬೇಕು, ಅರ್ಧದಷ್ಟು ಜೀವಕೋಶ ಸಾಯಲು ಎಷ್ಟು ಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದು. ಎರಡು, ಮೂರು ಬಂದರೆ ಎಲೆ ವೈರಸ್ಸಿನ ಜತೆ ಮನೆ ಯಜಮಾನನಿಗೂ ಹೊಡೆಯುತ್ತಿದೆ ಎಂದರ್ಥ. ಈ ಭಾಗಾಕಾರ ನಾಲ್ಕನೇ ತರಗತಿಯದು. ಆದರೂ ಎಷ್ಟೋ ಪ್ರಬಂಧಗಳಲ್ಲಿ ಆ ಸಾಲು ಕಾಣುವುದಿಲ್ಲ. ಕಂಡರೂ, ಎರಡು ಬಂದಲ್ಲಿ ‘ಆಶಾದಾಯಕ’ ಎಂದು ಬರೆದಿರುತ್ತದೆ.

ಟ್ಯಾನಿನ್ ಎಂಬ ಇನ್ನೊಬ್ಬ ಪುಣ್ಯಾತ್ಮನಿದ್ದಾನೆ. ಚರ್ಮ ಹದ ಮಾಡುವವನೂ ಅವನೇ, ಹಸಿ ನೇರಳೆ ಕಚ್ಚಿದಾಗ ನಾಲಿಗೆ ಹಿಡಿಸುವವನೂ ಅವನೇ. ಕಂಡ ಕಂಡ ಪ್ರೋಟೀನಿಗೆಲ್ಲ ಅಂಟಿಕೊಳ್ಳುವುದು ಅವನ ಸ್ವಭಾವ. ವೈರಸ್ಸಿನ ಮೈಮೇಲೂ ಪ್ರೋಟೀನಿದೆ, ಅದಕ್ಕೂ ಅಂಟುತ್ತಾನೆ. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಜಾಲಿ ತೊಗಟೆ ಹೀಗೆ ಒಗರಾದ ಯಾವುದನ್ನು ತಂದು ಹಾಕಿದರೂ ಗುಳಿಯೊಳಗಿನ ವೈರಸ್ ಕೈಕಟ್ಟಿ ಕೂರುವ ಸಂಭವವೇ ಹೆಚ್ಚು. ಮಲೆನಾಡಿನ ಅಡಿಕೆ ಬೆಳೆಗಾರರು ತಮ್ಮ ಹಂಡೆಯ ಚೊಗರನ್ನು ಕಳಿಸಿಕೊಟ್ಟರೆ ಅದಕ್ಕೂ ಪ್ರಮಾಣಪತ್ರ ಸಿಗಬಹುದು. ಅಡಿಕೆಗೆ ನಿಷೇಧದ ಭಯವಿರುವ ಈ ಕಾಲದಲ್ಲಿ ಸಹಕಾರ ಸಂಘಗಳು ಯೋಚಿಸಬಹುದಾದ ವಿಷಯ. ಚೊಗರನ್ನು ನುಂಗಿದಾಗ ಆ ಟ್ಯಾನಿನ್ ಬಾಯಿಯ ಪ್ರೋಟೀನು, ಊಟದ ಪ್ರೋಟೀನು ಎಲ್ಲಕ್ಕೂ ಅಂಟಿ ಮುಗಿದು, ರಕ್ತಕ್ಕೆ ಹೋಗಲು ಉಳಿಯುವುದೆಷ್ಟು ಎಂದು ಮಾತ್ರ ಕೇಳಬಾರದು.

ಕೇಳಿಯೇ ಬಿಟ್ಟರೆ ಏನಾಗುತ್ತದೆ ನೋಡೋಣ. ಒಂದು ಎಲೆಯ ಸಾರ ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಇದ್ದಾಗ ವೈರಸ್ಸನ್ನು ಅರ್ಧಕ್ಕೆ ಇಳಿಸಿತು ಎನ್ನೋಣ. ‘ಗಮನಾರ್ಹ ಚಟುವಟಿಕೆ’ ಎಂದು ಬರೆಸಿಕೊಳ್ಳಲು ಎಷ್ಟೋ ಕಡೆ ಇಷ್ಟು ಸಾಕು. ನಮ್ಮ ಮೈಯಲ್ಲಿ ಸುಮಾರು ಐದು ಲೀಟರು ರಕ್ತ. ಬೇರೆ ಅಂಗಾಂಗಗಳನ್ನು ಮರೆತು ರಕ್ತವೊಂದರಲ್ಲೇ ಅಷ್ಟು ಸಾಂದ್ರತೆ ಬರಬೇಕೆಂದರೂ ಅರ್ಧ ಗ್ರಾಂ ಸಾರ ಅಲ್ಲಿರಬೇಕು. ನುಂಗಿದ್ದರಲ್ಲಿ ನೂರಕ್ಕೊಂದು ಪಾಲು ರಕ್ತ ತಲುಪುತ್ತದೆ ಎಂದಿಟ್ಟುಕೊಂಡರೆ ನುಂಗಬೇಕಾದದ್ದು 50 ಗ್ರಾಂ ಸಾರ. ಹತ್ತು ಗ್ರಾಂ ಒಣ ಎಲೆಗೆ ಒಂದು ಗ್ರಾಂ ಸಾರ ಎಂದು ಹಿಡಿದರೆ ಅರ್ಧ ಕಿಲೋ ಒಣ ಎಲೆ, ಹಸಿಯದಾದರೆ ಎರಡು ಕಿಲೋ ದಾಟುತ್ತದೆ. ಇದು ಒಂದು ಹೊತ್ತಿನದು, ಮತ್ತು ವೈರಸ್ ನಿಲ್ಲುವುದು ಅರ್ಧವೇ. ಉಳಿದರ್ಧಕ್ಕೆ ಏನು ಮಾಡಬೇಕೆಂದು ಆಡುಗಳನ್ನು ಕೇಳಿದರೆ ಹೇಳಿಯಾವು.

ಇನ್ನು ಪ್ರಶ್ನೆಪತ್ರಿಕೆಯ ವಿಷಯ. ಎಲೆಗಳನ್ನು ಯಾವ ವೈರಸ್ಸಿನೆದುರು ನಿಲ್ಲಿಸಬೇಕು? ಇಂಥ ಪರೀಕ್ಷೆಗಳ ಅಚ್ಚುಮೆಚ್ಚು ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್. ವೀರೋ ಕೋಶಗಳಲ್ಲಿ ಅದು ಸಲೀಸಾಗಿ ಬೆಳೆಯುತ್ತದೆ, ಭಾರೀ ಭದ್ರತೆಯ ಕಟ್ಟಡ ಬೇಡ, ಹೋಲಿಸಿ ನೋಡಲು ಅಸೈಕ್ಲೋವಿರ್ ಎಂಬ ಒಳ್ಳೆಯ ಮಾತ್ರೆಯೂ ಮೆಡಿಕಲ್ ಶಾಪಿನಲ್ಲಿದೆ. ಈಗಾಗಲೇ ಮದ್ದಿರುವ ರೋಗಕ್ಕೆ ಮದ್ದು ಹುಡುಕುವುದರಲ್ಲಿ ಇರುವ ನೆಮ್ಮದಿಯೇ ಬೇರೆ. ಅತ್ತ ಮಲೆನಾಡಿಗೆ ಅದರದ್ದೇ ಆದ ಒಂದು ವೈರಸ್ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಜಗತ್ತಿಗೆ ಗೊತ್ತಾದ ಮಂಗನ ಕಾಯಿಲೆ. ಇಷ್ಟು ವರ್ಷವಾದರೂ ಅದಕ್ಕೆಂದೇ ಒಂದು ಔಷಧವಿಲ್ಲ, ಇದ್ದ ಹಳೆಯ ಲಸಿಕೆಯೂ ಬಲಗುಂದಿ ನಿಂತುಹೋಯಿತು. ದರಕು ಗುಡಿಸಲು ಹೋಗುವವರು ಇವತ್ತಿಗೂ ಉಣುಗು ಹತ್ತದಿರಲೆಂದು ಕೈಕಾಲಿಗೆ ಎಣ್ಣೆ ಬಳಿದುಕೊಂಡೇ ಹೋಗಬೇಕು. ಔಷಧೀಯ ಸಸ್ಯಗಳ ಕಣಜ ಎಂದು ನಾವು ಭಾಷಣ ಮಾಡುವ ಕಾಡೂ ಅದೇ, ವೈರಸ್ಸಿನ ಕಾಡೂ ಅದೇ. ಆದರೆ ಈ ವೈರಸ್ಸನ್ನು ಬೆಳೆಸಲು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಅತಿ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು. ಹಾಗಾಗಿ ಪಶ್ಚಿಮ ಘಟ್ಟದ ಎಲೆ ಬಸ್ಸು ಹತ್ತಿ ಊರಿಗೆ ಬಂದು, ಮುಂಬಯಿ ಮದ್ರಾಸಿನ ಎಲೆಗಳ ಜತೆ ಸಾಲಿನಲ್ಲಿ ನಿಂತು, ತುಟಿಯ ಗುಳ್ಳೆಯನ್ನು ಗೆದ್ದು ಹೋಗುತ್ತದೆ. ಸೊರಬದಲ್ಲಿ ಜ್ವರ ಬಂದವರು ಪ್ಯಾರಾಸಿಟಮಾಲ್ ನುಂಗಿ ಮಲಗುತ್ತಾರೆ.

ಕೊರೊನಾ ಕಾಲದಲ್ಲಿ ಎಲೆಯ ಹಂಗನ್ನೂ ಬಿಟ್ಟದ್ದಾಯಿತು. 2020ರ ಆರಂಭದಲ್ಲಿ ಆ ವೈರಸ್ಸಿನ ಮುಖ್ಯ ಪ್ರೋಟಿಯೇಸ್ ಕಿಣ್ವದ ಮೂರು ಆಯಾಮದ ರಚನೆ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕಿತು. ಲಾಕ್‌ಡೌನ್‌ನಲ್ಲಿ ಪ್ರಯೋಗಾಲಯಕ್ಕೆ ಬೀಗ. ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ಡಾಕಿಂಗ್ ಎಂಬ ಸಾಫ್ಟ್‌ವೇರ್ ಇದೆ, ಸಮಯ ಬೇಕಾದಷ್ಟಿದೆ. ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೆಗೆದು ಅರಿಶಿನ, ಶುಂಠಿ, ಮೆಣಸು, ಲವಂಗಗಳ ಅಣುಗಳನ್ನು ಪರದೆಯ ಮೇಲೆ ಆ ಕಿಣ್ವದ ಸಂದಿಯೊಳಗೆ ತೂರಿಸಿ ಅಂಕ ಹಾಕಲಾಯಿತು. ಯಾವ ಅಣುವನ್ನು ತೂರಿಸಿದರೂ ಸಾಫ್ಟ್‌ವೇರ್ ಏನಾದರೊಂದು ಅಂಕ ಕೊಡುತ್ತದೆ, ಬರಿಗೈಲಿ ಕಳಿಸುವ ಪದ್ಧತಿ ಅದಕ್ಕಿಲ್ಲ. ಎಲೆ ಕೀಳಲಿಲ್ಲ, ಮಂಗ ಸಾಯಲಿಲ್ಲ, ವೈರಸ್ ಮುಟ್ಟಲಿಲ್ಲ, ಪ್ರಬಂಧ ಮಾತ್ರ ಹುಟ್ಟಿತು. ಅಹಿಂಸೆಯ ದೃಷ್ಟಿಯಿಂದ ಇದಕ್ಕಿಂತ ಮೇಲಾದ ಸಂಶೋಧನೆ ಇಲ್ಲ. ಪ್ರಕಟಿಸಲು ದುಡ್ಡು ತೆಗೆದುಕೊಂಡು ವಾರದೊಳಗೆ ‘ಅಂತಾರಾಷ್ಟ್ರೀಯ’ ಮಾಡಿಕೊಡುವ ನಿಯತಕಾಲಿಕೆಗಳಿಗೂ ಆ ವರ್ಷ ಸುಗ್ಗಿ.

ಅರಿಶಿನದ ಮಾತು ಬಂತು. ಅದರ ಕರ್ಕ್ಯುಮಿನ್ ಈ ಪರೀಕ್ಷೆಗಳ ರ‍್ಯಾಂಕ್ ವಿದ್ಯಾರ್ಥಿ, ಎಲ್ಲ ವಿಷಯದಲ್ಲೂ ಮೊದಲು. ಕ್ಯಾನ್ಸರ್, ಮರೆವು, ಸಂಧಿವಾತ, ವೈರಸ್, ಏನು ಕೊಟ್ಟರೂ ನೂರಕ್ಕೆ ನೂರು. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಕೆಲವು ತಜ್ಞರು ಅದರ ಉತ್ತರಪತ್ರಿಕೆಗಳನ್ನು ಮರುಮೌಲ್ಯಮಾಪನ ಮಾಡಿದರು. ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ, ಕಂಡದ್ದರ ಜತೆ ಪ್ರತಿಕ್ರಿಯಿಸುತ್ತದೆ, ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಹೀಗಾಗಿ ಅಳೆಯುವ ಯಂತ್ರಗಳನ್ನೇ ಏಮಾರಿಸುತ್ತದೆ ಎಂದರು. ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಅದರ ಸುಳಿವು ಸಿಗುವುದು ಕಷ್ಟ. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗಗಳು ನಡೆದರೂ, ರೋಗಿಗೂ ವೈದ್ಯನಿಗೂ ಗೊತ್ತಾಗದಂತೆ ಹುಸಿಮಾತ್ರೆಯೊಡನೆ ಹೋಲಿಸಿದ ಒಂದರಲ್ಲೂ ಅದು ಗೆದ್ದಿಲ್ಲ ಎಂಬುದು ಅವರ ಷರಾ. ಸಾರಿಗೆ ಹಾಕಿದಾಗ ಅರಿಶಿನ ಇವತ್ತಿಗೂ ಪಾಸು, ಆ ಬಗ್ಗೆ ಯಾರ ತಕರಾರೂ ಇಲ್ಲ.

ನಿಜವಾದ ಪರೀಕ್ಷೆಗೆ ಧೈರ್ಯವಾಗಿ ಕುಳಿತ ಗಿಡಗಳೇ ಇಲ್ಲವೆಂದಲ್ಲ. ನನಗೆ ತುಂಬ ಗೌರವವಿರುವುದು ನೆಲನೆಲ್ಲಿಯ ಮೇಲೆ. ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ, ಪೇಟೆಯ ಕಾಂಪೌಂಡಿನ ಬಿರುಕಿನಲ್ಲಿ ಏಳುವ ಗೇಣುದ್ದದ ಗಿಡ. ಕಾಮಾಲೆಗೆ ಅರೆದು ಮಜ್ಜಿಗೆಯಲ್ಲಿ ಕೊಡುವುದು ಹಳ್ಳಿ ಮದ್ದು. ಇದರ ಹಿಂದೆ ಬಿದ್ದವರು ಸಾಮಾನ್ಯರಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಮತ್ತು ಮದ್ರಾಸಿನ ಸಂಶೋಧಕರು ಕೂಡಿ ಕೆಲಸ ಮಾಡಿದರು. 1987ರಲ್ಲಿ ಅಮೆರಿಕದ ವುಡ್‌ಚಕ್ ಎಂಬ ಬಿಲದ ಪ್ರಾಣಿಯ ಇಂಥದೇ ವೈರಸ್ಸಿನ ಮೇಲೆ ಗಿಡ ಪರಿಣಾಮ ಬೀರಿತೆಂದು ಪ್ರಕಟವಾಯಿತು. ಮರುವರ್ಷ ‘ಲ್ಯಾನ್ಸೆಟ್’ನಲ್ಲಿ ಮನುಷ್ಯರ ಫಲಿತಾಂಶ: ಗಿಡದ ಪುಡಿ 30 ದಿನ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯ, ಹುಸಿಮದ್ದು ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ನೂರಕ್ಕೆ 59 ಒಂದು ಕಡೆ, 4 ಇನ್ನೊಂದು ಕಡೆ. ಇಂಥ ಅಂಕಪಟ್ಟಿ ಸಿಕ್ಕರೆ ಯಾವ ಕಂಪನಿಯಾದರೂ ಕುಣಿದಾಡೀತು.

ಆದರೆ ವಿಜ್ಞಾನದಲ್ಲಿ ಒಂದು ಅನಿಷ್ಟ ಪದ್ಧತಿಯಿದೆ, ಬೇರೆಯವರು ಮತ್ತೆ ಮಾಡಿ ನೋಡುತ್ತಾರೆ. ಥಾಯ್ಲೆಂಡಿನವರು ಮಾಡಿದರು, ಪವಾಡ ಮರುಕಳಿಸಲಿಲ್ಲ. ಇನ್ನೂ ಕೆಲವರು ಮಾಡಿದರು, ಆಗಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿ, ನಂಬಬಹುದಾದ ಪುರಾವೆ ಇಲ್ಲವೆಂದಿತು. ಇದು ಗಿಡಕ್ಕೆ ಆದ ಅವಮಾನ ಎನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಆ ಗೇಣುದ್ದದ ಗಿಡಕ್ಕೆ ಸಿಕ್ಕಷ್ಟು ಮರ್ಯಾದೆ ಇನ್ನಾವ ಗಿಡಕ್ಕೂ ಸಿಕ್ಕಿಲ್ಲ. ಅದನ್ನು ಔಷಧವೆಂದೇ ಬಗೆದು, ಔಷಧಕ್ಕೆ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಅಂಗಡಿಗಳಿಗೆ ಮಾತ್ರ ಇದಾವುದೂ ಮುಟ್ಟಿಲ್ಲ. ಲಿವರ್ ಟಾನಿಕ್ಕಿನ ಬಾಟಲಿಯ ಮೇಲೆ ನೆಲನೆಲ್ಲಿ ಇವತ್ತಿಗೂ ನಗುತ್ತಿದೆ. ಕಲುಷಿತ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಅದನ್ನು ಕುಡಿದು ಗುಣವಾದವರಿಗೂ ಬರಗಾಲವಿಲ್ಲ.

ಇಷ್ಟು ಹೇಳುವಷ್ಟರಲ್ಲಿ ‘ಇಂಗ್ಲಿಷ್ ಮದ್ದಿನವರೇನು ಸಾಚಾಗಳೇ’ ಎಂದು ಕೇಳುವವರು ಎದ್ದು ನಿಂತಿರುತ್ತಾರೆ. ಸಾಚಾಗಳಲ್ಲ. 2020ರ ಫೆಬ್ರವರಿಯಲ್ಲಿ ಕ್ಲೋರೋಕ್ವಿನ್ ಇದೇ ವೀರೋ ಕೋಶಗಳಲ್ಲಿ ಕೊರೊನಾ ವೈರಸ್ಸನ್ನು ತಡೆಯಿತೆಂದು ಸುದ್ದಿಯಾಯಿತು. ಮಾರ್ಚಿನಲ್ಲಿ ನಮ್ಮ ಐಸಿಎಂಆರ್ ಆರೋಗ್ಯ ಸಿಬ್ಬಂದಿಗೆ ಅದರ ತಮ್ಮ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗಲು ಹೇಳಿತು, ಆಮೇಲೆ ಅಮೆರಿಕದ ಅಧ್ಯಕ್ಷರು ನಮ್ಮಲ್ಲಿ ಕೈಚಾಚಿದರು, ಮೆಡಿಕಲ್ ಶಾಪುಗಳಲ್ಲಿ ಸಂಧಿವಾತದವರಿಗೂ ಮಾತ್ರೆ ಸಿಗದಂತಾಯಿತು. ಜೂನ್ ಹೊತ್ತಿಗೆ ಬ್ರಿಟನ್ನಿನ ರಿಕವರಿ ಪ್ರಯೋಗದ ಉತ್ತರ ಬಂತು, ಕೊನೆಯ ಲೆಕ್ಕ ಹೀಗಿತ್ತು: ಮಾತ್ರೆ ಕೊಟ್ಟ 1561 ರೋಗಿಗಳಲ್ಲಿ ನೂರಕ್ಕೆ 27 ಜನ, ಕೊಡದ 3155 ರೋಗಿಗಳಲ್ಲಿ ನೂರಕ್ಕೆ 25 ಜನ 28 ದಿನಗಳೊಳಗೆ ತೀರಿಕೊಂಡಿದ್ದರು. ಏನೂ ಪ್ರಯೋಜನವಿಲ್ಲ. ಜುಲೈನಲ್ಲಿ ಜರ್ಮನಿಯವರು ಅದೇ ಮದ್ದನ್ನು ಮನುಷ್ಯರ ಶ್ವಾಸಕೋಶದಿಂದ ಬಂದ ಕೋಶಗಳ ಮೇಲೆ ಹಾಕಿ ನೋಡಿದರೆ ವೈರಸ್ ಕ್ಯಾರೇ ಎನ್ನಲಿಲ್ಲ. ಮಂಗನ ಮೂತ್ರಪಿಂಡ ಇಡೀ ಜಗತ್ತನ್ನು ಮಂಗ ಮಾಡಿತ್ತು. ಆದರೂ ಒಂದು ವ್ಯತ್ಯಾಸವಿದೆ. ಮೂರು ನಾಲ್ಕು ತಿಂಗಳಲ್ಲಿ ಅದು ಫೇಲಾಯಿತು, ಫೇಲಾಗಿದೆ ಎಂದು ಯಾರೋ ಬರೆದರು, ಬರೆದದ್ದನ್ನು ನೋಡಿ ಹಲವು ದೇಶಗಳ ಆಸ್ಪತ್ರೆಗಳು ನಿಲ್ಲಿಸಿದವು.

ಅದೇ ಜೂನ್ ತಿಂಗಳ 23ರಂದು ಹರಿದ್ವಾರದಲ್ಲಿ ಆಯುರ್ವೇದ ಕಂಪನಿಯೊಂದರ ಕೊರೊನಿಲ್ ಎಂಬ ಮದ್ದು ಬಿಡುಗಡೆಯಾಯಿತು. ಮೂರು ದಿನದಲ್ಲಿ ನೂರಕ್ಕೆ 69, ಏಳು ದಿನದಲ್ಲಿ ನೂರಕ್ಕೆ ನೂರು ಗುಣ ಎಂಬ ಘೋಷಣೆ. ಮದ್ದು ಮುಟ್ಟದಿದ್ದರೂ ಸೌಮ್ಯ ರೋಗದವರಲ್ಲಿ ಬಹುಪಾಲು ಜನ ಗುಣವಾಗುತ್ತಿದ್ದ ಕಾಯಿಲೆಗೆ ಇದಕ್ಕಿಂತ ಕ್ಷೇಮದ ಘೋಷಣೆ ಯಾವುದಿದೆ? ಆಯುಷ್ ಸಚಿವಾಲಯ ಅಂದೇ ಜಾಹೀರಾತು ನಿಲ್ಲಿಸಿ ಎಂದಿತು. ಕಂಪನಿ ಅರ್ಜಿ ಹಾಕಿದ್ದು ರೋಗನಿರೋಧಕ ಶಕ್ತಿ ಹೆಚ್ಚಿಸುವ, ಕೆಮ್ಮು ಜ್ವರದ ಮದ್ದಿಗೆಂದು ಉತ್ತರಾಖಂಡದ ಅಧಿಕಾರಿಗಳು ಹೇಳಿದರು. ಎಂಟು ತಿಂಗಳ ನಂತರ ಅದೇ ಮದ್ದು ಮತ್ತೆ ವೇದಿಕೆ ಏರಿತು, ಪಕ್ಕದಲ್ಲಿ ಸ್ವತಃ ವೈದ್ಯರಾದ ಕೇಂದ್ರ ಆರೋಗ್ಯ ಸಚಿವರು. 2024ರಲ್ಲಿ ಸುಪ್ರೀಂ ಕೋರ್ಟ್ ಈ ಕಂಪನಿಯ ದಾರಿತಪ್ಪಿಸುವ ಜಾಹೀರಾತುಗಳ ವಿಚಾರಣೆ ನಡೆಸುವಾಗ, ಪತ್ರಿಕೆಗೆ ಕೊಟ್ಟ ಕ್ಷಮಾಪಣೆಯ ಗಾತ್ರ ಜಾಹೀರಾತಿನಷ್ಟೇ ದೊಡ್ಡದಿದೆಯೇ ಎಂದು ಕೇಳಿತು. ಈ ಇಡೀ ಪ್ರಕರಣದಲ್ಲಿ ಯಾವುದಕ್ಕಾದರೂ ಸರಿಯಾದ ಅಳತೆ ಕೇಳಿದ್ದು ಅದೊಂದೇ ಸಲ ಎಂದು ನನ್ನ ಭಾವನೆ.

ಕೊರೊನಾದ ಆ ಎರಡು ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಅಮೃತಬಳ್ಳಿ ಹಬ್ಬಿದಷ್ಟು ಇನ್ನೇನೂ ಹಬ್ಬಲಿಲ್ಲ, ವೈರಸ್ಸೊಂದನ್ನು ಬಿಟ್ಟು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ಆಮೇಲೆ ಮುಂಬಯಿಯ ಯಕೃತ್ತಿನ ವೈದ್ಯರು ಅದನ್ನು ಕುಡಿದು ಲಿವರ್ ಕೆಟ್ಟವರ ವರದಿ ಪ್ರಕಟಿಸಿದರು. ಮುಂದೆ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಬರೆದರು. ಸಚಿವಾಲಯ ಒಪ್ಪಲಿಲ್ಲ. ಕುಡಿದದ್ದು ಅಮೃತಬಳ್ಳಿಯಾಗಿರಲಿಕ್ಕಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಈ ತರ್ಕ ನನಗೆ ಬಹಳ ಹಿಡಿಸಿತು. ಗುಣವಾದರೆ ಅಮೃತಬಳ್ಳಿ, ಕೆಟ್ಟರೆ ಅದರ ದಾಯಾದಿ. ಗುಣವಾದವರ ಮನೆಯ ಬಳ್ಳಿ ಯಾವುದೆಂದು ಯಾರೂ ಸಸ್ಯಶಾಸ್ತ್ರಜ್ಞರನ್ನು ಕರೆಸಿ ಕೇಳಿದಂತಿಲ್ಲ.

ಗಿಡದ ಗುರುತು ಎಂದಾಗ ತುಳುನಾಡಿನವರನ್ನು ನೆನೆಯಬೇಕು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ, ಸೂರ್ಯ ಹುಟ್ಟುವ ಮೊದಲು, ಕತ್ತಿ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ಪಾಲೆ ಮರದ ಕೆತ್ತೆ ತೆಗೆಯುತ್ತಾರೆ. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಕತ್ತಲಲ್ಲಿ ಪಾಲೆಯ ಬದಲು ಕಾಸರಕನ ಕೆತ್ತೆ ತಂದರೆ ಗತಿಯೇನೆಂದು ಬಲ್ಲವರು ಹಿಂದಿನ ದಿನವೇ ಮರ ನೋಡಿ ಗುರುತು ಮಾಡಿ ಬರುತ್ತಾರೆ. ಯಾವ ಮರ, ಯಾವ ಭಾಗ, ಯಾವ ದಿನ, ಎಷ್ಟು ಲೋಟ, ಕುಡಿದ ಮೇಲೆ ಏನು, ಎಲ್ಲ ಸ್ಪಷ್ಟ. ವರ್ಷಕ್ಕೊಂದೇ ಸಲ. ‘ಮಾದರಿಯನ್ನು ಸ್ಥಳೀಯ ಮಾರುಕಟ್ಟೆಯಿಂದ ಖರೀದಿಸಲಾಯಿತು’ ಎಂದು ಬರೆದು ಕೈತೊಳೆಯುವ ಪ್ರಬಂಧಕ್ಕಿಂತ ಇದು ಎಷ್ಟೋ ಕಟ್ಟುನಿಟ್ಟು. ಅದೇ ಪಾಲೆಯನ್ನು ದೆಹಲಿಯವರು 1980ರಲ್ಲಿ ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗದ ಜತೆ ಸೇರಿಸಿ ಆಯುಷ್-64 ಎಂಬ ಮಲೇರಿಯಾ ಮಾತ್ರೆ ಮಾಡಿದರು. 2021ರಲ್ಲಿ ಅದಕ್ಕೆ ಕೊರೊನಾ ಖಾತೆಯ ಹೆಚ್ಚುವರಿ ಹೊಣೆ ಕೊಟ್ಟರು. ಮಲೇರಿಯಾ ತರುವುದು ಪರಾವಲಂಬಿ ಜೀವಿ, ಕೊರೊನಾ ತರುವುದು ವೈರಸ್. ಮಂತ್ರಿಗಳಿಗೇ ಯಾವ ಖಾತೆ ಕೊಟ್ಟರೂ ನಡೆಯುತ್ತದೆ, ಮಾತ್ರೆಗೆ ಯಾಕೆ ನಡೆಯಬಾರದು?

ಗಿಡದಿಂದ ಔಷಧವೇ ಬರುವುದಿಲ್ಲ ಎಂದು ನಾನು ಹೇಳಿದೆನೆಂದು ಪತ್ರ ಬರೆಯಲು ಹೊರಟವರು ಸ್ವಲ್ಪ ತಾಳಿ. ಚೀನಾದ ಟು ಯೂಯೂ ಅವರ ತಂಡ ಮಲೇರಿಯಾ ಮದ್ದಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಹಳೆಯ ಮದ್ದಿನ ಪಟ್ಟಿಗಳನ್ನು ಜಾಲಾಡಿ, ಸುಮಾರು 200 ಗಿಡಗಳಿಂದ 380 ಸಾರಗಳನ್ನು ತೆಗೆದು ಇಲಿಗಳಿಗೆ ಕೊಟ್ಟು ನೋಡಿತು. ಬಹುಪಾಲು ಸಾರಗಳು ಫೇಲಾದವು. ಮಾಚಿಪತ್ರೆಯ ಬಳಗದ ಗಿಡವೊಂದು ಒಮ್ಮೆ ಪಾಸು ಒಮ್ಮೆ ಫೇಲು ಎಂದು ಆಟವಾಡಿಸಿತು. ಆಗ ಆಕೆ ನಾಲ್ಕನೇ ಶತಮಾನದ ಗ ಹೊಂಗ್ ಎಂಬಾತನ ಕೈಪಿಡಿಯನ್ನು ಮತ್ತೆ ಓದಿದರು. ಅಲ್ಲಿ ಕುದಿಸಲು ಹೇಳಿಯೇ ಇರಲಿಲ್ಲ, ನೆನೆಸಿ ಹಿಂಡಿ ಕುಡಿಯಲು ಹೇಳಿತ್ತು. ಬಿಸಿಗೆ ಸತ್ವ ಹಾಳಾಗುತ್ತಿದೆಯೆಂದು ಊಹಿಸಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ತೆಗೆದ 191ನೇ ಮಾದರಿ 1971ರ ಅಕ್ಟೋಬರಿನಲ್ಲಿ ಮಲೇರಿಯಾವನ್ನು ಪೂರ್ತಿ ಹೊಸಕಿಹಾಕಿತು. ಮರುವರ್ಷ ಆಕೆ ಮೊದಲು ತಾನೇ ಕುಡಿದು ನೋಡಿದರು. ಅಣುವನ್ನು ಬೇರ್ಪಡಿಸಿದರು. ನೊಬೆಲ್ ಬಂದದ್ದು 2015ರಲ್ಲಿ. ಅದು ವೈರಸ್ಸಲ್ಲ, ಮಲೇರಿಯಾ, ನನಗೂ ಗೊತ್ತು. ಆದರೆ ಪಾರಂಪರಿಕ ಗ್ರಂಥವನ್ನು ಗೌರವಿಸುವುದೆಂದರೆ ಅದಕ್ಕೆ ಪೂಜೆ ಮಾಡುವ ಬದಲು ಅಕ್ಷರ ಬಿಡದೆ ಓದುವುದು ಎಂದು ಆಕೆಯನ್ನು ನೋಡಿ ಕಲಿಯಬಹುದು.

ವೈರಸ್ಸಿನದೇ ಬೇಕೆಂದರೆ ಅದಕ್ಕೂ ಕಥೆಯಿದೆ. ನಮ್ಮ ಸುರಹೊನ್ನೆಯ ದಾಯಾದಿ ಮರವೊಂದರ ಕೊಂಬೆ ಎಲೆಗಳನ್ನು 1987ರಲ್ಲಿ ಬೋರ್ನಿಯೊ ದ್ವೀಪದ ಸರವಾಕಿನಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಒಯ್ದರು. ಅದರ ಸಾರ ಎಚ್‌ಐವಿಯನ್ನು ತಡೆಯಿತು. ಖುಷಿಯಿಂದ ಇನ್ನಷ್ಟು ತರಲು ಹೋದರೆ ಆ ಮರವೇ ಇರಲಿಲ್ಲ, ಯಾರೋ ಕಡಿದಿದ್ದರು. ಬೇರೆ ಮರಗಳಿಂದ ದಾರಿ ಹುಡುಕಿ, ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿ, ಮನುಷ್ಯರ ಮೇಲಿನ ಆರಂಭದ ಪ್ರಯೋಗದ ತನಕ ಹೋದರೂ ಅದು ಇವತ್ತಿಗೂ ಅಂಗಡಿಗೆ ಬಂದಿಲ್ಲ. ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಲ್ಲಿರುವ ಶಿಕಿಮಿಕ್ ಆಮ್ಲದಿಂದ ಫ್ಲೂ ಜ್ವರದ ಟ್ಯಾಮಿಫ್ಲೂ ತಯಾರಿಸಿದರು, ನಡುವೆ ರಸಾಯನಶಾಸ್ತ್ರದ ಹಲವು ಮೆಟ್ಟಿಲು ಹತ್ತಿ. ಬಿರಿಯಾನಿ ತಿಂದವರಿಗೆ ಫ್ಲೂ ಬರುವುದು ನಿಂತಿಲ್ಲ. ಇನ್ನು ಗಿಡದ ಸಾರವೇ ಔಷಧವಾಗಿ ಅಮೆರಿಕದ ಸರ್ಕಾರಿ ಒಪ್ಪಿಗೆ ಪಡೆದದ್ದು 2006ರಲ್ಲಿ, ಹಸಿರು ಚಹಾದ ಒಂದು ಮುಲಾಮು. ಜನನಾಂಗದ ಮೇಲೆ ವೈರಸ್ಸಿನಿಂದ ಏಳುವ ನರಹುಲಿಗೆ ಅದು. ಎಲೆಗಳ ಜಾಗತಿಕ ದಿಗ್ವಿಜಯದ ಬಗ್ಗೆ ಭಾಷಣ ಮಾಡುವವರು ಈ ಗೆಲುವನ್ನು ಮಾತ್ರ ಯಾಕೋ ಪ್ರಸ್ತಾಪಿಸುವುದಿಲ್ಲ.

ನಮ್ಮಲ್ಲೂ ಒಂದು ಎಲೆ ಫೇಲಾಗುವ ಹಂತಕ್ಕೆ ಬಂದಿತ್ತಂತೆ. ಯಾವ ಕಾಲೇಜೆಂದು ಕೇಳಬೇಡಿ, ಎಲ್ಲ ಕಾಲೇಜಿನವರೂ ಇದು ತಮ್ಮದೇ ಎನ್ನುತ್ತಾರೆ. ಸಂಶೋಧನಾ ವಿದ್ಯಾರ್ಥಿನಿ ಗೈಡ್ ಕೋಣೆಯ ಬಾಗಿಲಲ್ಲಿ ನಿಂತಳು.

“ಸರ್, ರಿಸಲ್ಟ್ ಬಂತು. ಏನೂ ಕೆಲಸ ಮಾಡ್ತಿಲ್ಲ.”

“ಏನಮ್ಮಾ ಹಾಗಂದ್ರೆ?”

“ವೈರಸ್‌ಗೆ ಏನೂ ಆಗ್ತಿಲ್ಲ ಸರ್. ಡೋಸ್ ಹತ್ತು ಪಟ್ಟು ಮಾಡಿ ನೋಡ್ದೆ, ಆದ್ರೂ ಇಲ್ಲ.”

“ಸೆಲ್ಸ್ ಏನಾದವು? ಸತ್ತವಾ?”

“ಇಲ್ಲ ಸರ್, ಅವೂ ಚೆನ್ನಾಗಿವೆ. ಅವಕ್ಕೂ ಏನೂ ಆಗ್ಲಿಲ್ಲ.”

ಗೈಡ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಮತ್ತೆ ಇನ್ನೇನು ಬೇಕಮ್ಮಾ? ‘ಸಂಪೂರ್ಣ ಸುರಕ್ಷಿತ’ ಅಂತ ಟೈಟಲ್ ಹಾಕಿ ಕಳ್ಸು.”